ಬರುವಾಗ ಗುಲಾಬಿ, ಹೋಗುವಾಗ ಟಿ.ಸಿ.

ಪಿಯುಸಿ ಫಲಿತಾಂಶ ಬಂದದ್ದೇ ತಡ, ನಮ್ಮ ತಾಲ್ಲೂಕುಗಳಲ್ಲಿ ಇನ್ನೊಂದು ಚುನಾವಣೆ ಶುರುವಾಗುತ್ತದೆ. ಎಂ.ಎ., ಪಿಎಚ್.ಡಿ. ಮಾಡಿದ ಉಪನ್ಯಾಸಕರು ಕರಪತ್ರದ ಕಟ್ಟು ಹಿಡಿದು ಬೈಕಿನಲ್ಲಿ ಹಳ್ಳಿ ಹಳ್ಳಿ ಸುತ್ತುತ್ತಾರೆ. ಅರಳಿಕಟ್ಟೆ, ಹಾಲಿನ ಡೇರಿ, ಪಂಚಾಯಿತಿ ಜಗಲಿ, ಎಲ್ಲಿ ನಾಲ್ಕು ಜನ ಕೂತಿದ್ದಾರೋ ಅಲ್ಲಿ ಗಾಡಿ ನಿಲ್ಲಿಸಿ ಕೈ ಮುಗಿಯುತ್ತಾರೆ. "ಯಜಮಾನ್ರೇ, ಮಗಳನ್ನ ನಮ್ಮ ಕಾಲೇಜಿಗೇ ಸೇರಿಸಿ. ಫೀಸು ಕಮ್ಮಿ, ಸ್ಕಾಲರ್‌ಶಿಪ್ಪು ಬರುತ್ತೆ, ಹಾಸ್ಟೆಲ್ ಇದೆ, ಬಸ್ಸಂತೂ ಹೆಣ್ಮಕ್ಕಳಿಗೆ ಫ್ರೀ." ಮೇಷ್ಟ್ರೊಬ್ಬರು ತಮಗೆ ಕೈ ಮುಗಿದದ್ದನ್ನು ಯಜಮಾನರು ಆಯುಷ್ಯದಲ್ಲಿ ಕಂಡವರಲ್ಲ. ಕರಗಿ ಹೋಗುತ್ತಾರೆ.

ಈ ಅಕ್ಕರೆಯ ಲೆಕ್ಕ ಸುಲಭ. ಮಕ್ಕಳು ಕಮ್ಮಿಯಾದರೆ ಕೋರ್ಸು ಮುಚ್ಚುತ್ತದೆ. ಕೋರ್ಸು ಮುಚ್ಚಿದರೆ ಕಾರ್ಯಭಾರ ಇಲ್ಲ. ಕಾರ್ಯಭಾರ ಇಲ್ಲದಿದ್ದರೆ ಮೇಷ್ಟ್ರಿಗೆ ವರ್ಗ. ಹೀಗಾಗಿ ಸೇರುವ ತನಕ ಹುಡುಗಿ ಮನೆಯ ಲಕ್ಷ್ಮಿ, ಸೇರಿದ ಮೇಲೆ ರಿಜಿಸ್ಟರ್ ನಂಬರು. ಅವಳು ದೀಪಾವಳಿ ತನಕ ಕ್ಲಾಸಿನಲ್ಲಿ ಉಳಿದಳೋ ಇಲ್ಲವೋ ಎಂದು ನೋಡಿಕೊಂಡು ಬರಲು ಅದೇ ಬೈಕು ಅದೇ ಹಳ್ಳಿಗೆ ಇನ್ನೊಮ್ಮೆ ಹೋಗುವುದಿಲ್ಲ. ಅಷ್ಟರಲ್ಲಿ ಪೆಟ್ರೋಲು ದುಬಾರಿಯಾಗಿರುತ್ತದೆ.

ಸೇರುವುದಕ್ಕೂ ಈಗ ಮೊದಲು ಹೋಗಬೇಕಾದದ್ದು ಕಾಲೇಜಿಗಲ್ಲ, ಸೈಬರ್ ಸೆಂಟರ್‌ಗೆ. ಪ್ರವೇಶ, ಪರೀಕ್ಷೆ, ಅಂಕಪಟ್ಟಿಗೆ ಯುಯುಸಿಎಂಎಸ್ ಎಂಬ ಪೋರ್ಟಲ್. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಇನ್ನೊಂದು. ಹಾಸ್ಟೆಲಿಗೆ ಮತ್ತೊಂದು. ಗಂಡುಮಕ್ಕಳಾದರೆ ಬಸ್ ಪಾಸಿಗೆ ಸೇವಾ ಸಿಂಧು. ಇದೆಲ್ಲದರ ಮೇಲೆ, ಕಲಿತದ್ದನ್ನು ಕ್ರೆಡಿಟ್ ಲೆಕ್ಕದಲ್ಲಿ ಜಮಾ ಮಾಡಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಖಾತೆ. ಅಪ್ಪನಿಗೆ ಸೊಸೈಟಿಯಲ್ಲಿ ಸಾಲದ ಖಾತೆ ಬಿಟ್ಟರೆ ಬೇರೇನೂ ಇಲ್ಲದ ಮನೆಯ ಹುಡುಗಿಗೆ ಹದಿನೆಂಟು ತುಂಬುವಷ್ಟರಲ್ಲಿ ಕೈತುಂಬ ಯೂಸರ್ ಐಡಿ. ಪಾಸ್‌ವರ್ಡು ಮಾತ್ರ ಅವಳ ಹತ್ತಿರ ಇಲ್ಲ, ಸೈಬರ್ ಸೆಂಟರ್ ಅಣ್ಣನ ಹತ್ತಿರ ಇದೆ. ಒಬ್ಬೊಬ್ಬರದೂ ನೆನಪಿಡಲಾಗದೆ ಆತ ಇಡೀ ಹೋಬಳಿಗೆ ಒಂದೇ ಪಾಸ್‌ವರ್ಡ್ ಇಟ್ಟಿರುತ್ತಾನೆ. ಒಟಿಪಿಗೆ ತನ್ನದೇ ನಂಬರು ಕೊಟ್ಟಿರುತ್ತಾನೆ. ಪರೀಕ್ಷೆ ಫೀಸಿನ ಕೊನೆ ದಿನ, ರಿಸಲ್ಟು, ಸ್ಕಾಲರ್‌ಶಿಪ್ ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂಬುದು, ಎಲ್ಲವೂ ಮೊದಲು ಗೊತ್ತಾಗುವುದು ಅವನಿಗೇ. ಮುಂದಿನ ಮೂರು ವರ್ಷ ಅವಳ ವಿದ್ಯಾಭ್ಯಾಸದ ಪೂರ್ತಿ ಮಾಹಿತಿ ಇರುವ ಏಕೈಕ ಮನುಷ್ಯ ಅವನು. ಅವನ ಇನ್ನೊಂದು ಗುಣವೆಂದರೆ, ತಾನು ಮಾಡುವ ಕೆಲಸದ ದರವನ್ನು ಗೋಡೆಗೆ ಅಂಟಿಸಿರುತ್ತಾನೆ.

ಆಮೇಲೆ ಸ್ವಾಗತ ಸಮಾರಂಭ. ಹತ್ತಕ್ಕೆ ಶುರುವಾಗಬೇಕಾದದ್ದು ಹನ್ನೆರಡೂವರೆಗೆ. ಸರ್ಕಾರಿ ಪದವಿ ಕಾಲೇಜಿನ ಅಭಿವೃದ್ಧಿ ಸಮಿತಿಗೆ ಕ್ಷೇತ್ರದ ಶಾಸಕರೇ ಅಧ್ಯಕ್ಷರು, ಶಾಸಕರಿಗೆ ಅವತ್ತೇ ಎರಡು ಗೃಹಪ್ರವೇಶ, ಒಂದು ರಸ್ತೆಯ ಗುದ್ದಲಿಪೂಜೆ. ಹೊಸ ಮಕ್ಕಳನ್ನು ಎರಡು ಸಾಲಾಗಿ ಬಿಸಿಲಿನಲ್ಲಿ ನಿಲ್ಲಿಸಿ ಕೈಗೆ ಒಂದೊಂದು ಗುಲಾಬಿ ಕೊಟ್ಟಿರುತ್ತಾರೆ. ಸ್ವಾಗತ ನಮಗಲ್ಲವೇ, ಗುಲಾಬಿಯೂ ನಮಗೇ ಇರಬೇಕು ಎಂದುಕೊಂಡ ಮಕ್ಕಳಿಗೆ, ಕಾರು ಬಂದಾಗ ಅದನ್ನು ಕೊಟ್ಟುಬಿಡಬೇಕೆಂದು ತಿಳಿಯುತ್ತದೆ. ಉನ್ನತ ಶಿಕ್ಷಣದಲ್ಲಿ ಅವರು ಕಲಿಯುವ ಮೊದಲ ಪಾಠ ಇದು, ಮತ್ತು ಬಹಳ ಉಪಯುಕ್ತ ಪಾಠ.

ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಗಿಡಕ್ಕೆ ನೀರು, ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ನಾಡಗೀತೆಯನ್ನು ಎರಡೂವರೆ ನಿಮಿಷದಲ್ಲಿ ಹಾಡಿ ಮುಗಿಸಬೇಕೆಂದು ಸರ್ಕಾರ 2022ರಲ್ಲಿ ಆದೇಶ ಹೊರಡಿಸಿತು. ಕುವೆಂಪು ಅವರಿಗೆ ಸಮಯ ನಿಗದಿ ಮಾಡಿದ ಸರ್ಕಾರಕ್ಕೆ, ಅವರ ನಂತರ ಮೈಕು ಹಿಡಿಯುವವರಿಗೆ ನಿಗದಿ ಮಾಡುವ ಧೈರ್ಯ ಬರಲಿಲ್ಲ. "ನಾನೂ ಲಾಸ್ಟ್ ಬೆಂಚೇ" ಎಂದು ಶಾಸಕರು ಹೇಳುತ್ತಾರೆ, ಚಪ್ಪಾಳೆ. "ಮೊಬೈಲ್ ಬಿಡಿ, ಕಲಾಂ ಆಗಿ" ಎನ್ನುತ್ತಾರೆ ಮುಖ್ಯ ಅತಿಥಿಗಳು, ಮೊಬೈಲಿನಲ್ಲಿ ಸಮಯ ನೋಡುತ್ತಾ. ವಂದನಾರ್ಪಣೆಯಲ್ಲಿ ಶಾಮಿಯಾನದವರು, ಮೈಕಿನವರು, ಉಪ್ಪಿಟ್ಟು ಮಾಡಿದವರು, ಪತ್ರಕರ್ತ ಮಿತ್ರರು ಎಲ್ಲರ ಹೆಸರೂ ಬರುತ್ತದೆ. ಕೂತ ಮುನ್ನೂರು ಮಕ್ಕಳಲ್ಲಿ ಒಬ್ಬರ ಹೆಸರೂ ವೇದಿಕೆಯ ಮೇಲಿದ್ದವರ ಬಾಯಲ್ಲಿ ಬರುವುದಿಲ್ಲ. ಹೆಣ್ಣುಮಕ್ಕಳ ಶೌಚಾಲಯ ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಲೈಬ್ರರಿ ಕಾರ್ಡು ಯಾವತ್ತು ಕೊಡುತ್ತಾರೆ, ಕನ್ನಡ ಮಾಧ್ಯಮದಲ್ಲಿ ಓದಿ ಬಂದವಳಿಗೆ ಬಿ.ಕಾಂ. ಪಾಠ ತಲೆಗೆ ಹತ್ತದಿದ್ದರೆ ಯಾರನ್ನು ಕೇಳಬೇಕು, ಇವನ್ನು ಹೇಳುವಷ್ಟರಲ್ಲಿ ಊರಿನ ಬಸ್ಸು ಹೊರಟಿರುತ್ತದೆ. ಮಾರನೇ ದಿನ ಪೇಪರಿನ ಜಿಲ್ಲಾ ಪುಟದಲ್ಲಿ ಫೋಟೋ. ಫೋಟೋದಲ್ಲಿ ವೇದಿಕೆ ಮಾತ್ರ.

ದೆಹಲಿಯವರನ್ನು ಬೈಯುವ ಹಾಗಿಲ್ಲ. ಎಂಜಿನಿಯರಿಂಗ್ ಸೇರಿದವರಿಗೆ ಮೊದಲ ಮೂರು ವಾರ ಪಾಠ ಬೇಡ, ಆಟ, ಹಾಡು, ಊರು ಸುತ್ತಾಟ, ಮೇಷ್ಟ್ರ ಜತೆ ಹರಟೆ ಇರಲಿ ಎಂದು ಎಐಸಿಟಿಇ ಹೇಳಿತು. ಯುಜಿಸಿ 2019ರಲ್ಲಿ 'ದೀಕ್ಷಾರಂಭ' ಎಂಬ ಕೈಪಿಡಿ ತಂದು ಉಳಿದ ಕಾಲೇಜುಗಳಿಗೂ ಇದನ್ನೇ ಹೇಳಿತು. ಹೊಸಬರು ಒಬ್ಬರನ್ನೊಬ್ಬರು ಅರಿಯಬೇಕು, ಅಧ್ಯಾಪಕರು ಅವರನ್ನು ಅರಿಯಬೇಕು, ಹಿರಿಯ ವಿದ್ಯಾರ್ಥಿಗಳು ಕೈ ಹಿಡಿಯಬೇಕು. ಒಳ್ಳೆಯ ಯೋಚನೆ, ತಮಾಷೆ ಮಾಡುತ್ತಿಲ್ಲ. ಆದರೆ ಮೂರು ವಾರದ ಸಂಗತಿ ದೆಹಲಿಯಿಂದ ಹೊರಟು ನಮ್ಮ ತಾಲ್ಲೂಕು ಮುಟ್ಟುವಷ್ಟರಲ್ಲಿ ಮೂರು ದಿನವಾಗಿ, ಆ ಮೂರು ದಿನ ಒಂದೇ ಮಧ್ಯಾಹ್ನ ಮೂರು ಬ್ಯಾನರು ಬದಲಿಸಿ ತೆಗೆದ ಮೂರು ಫೋಟೋ ಆಗಿ, ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲನ್ನು ಜಿಯೋಟ್ಯಾಗ್ ಸಮೇತ ಸೇರುತ್ತದೆ. ಆ ಮಕ್ಕಳು ಅವತ್ತು ಭೂಮಿಯ ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿ ನಿಂತಿದ್ದರು ಎಂಬುದಕ್ಕೆ ಉಪಗ್ರಹವೇ ಸಾಕ್ಷಿ. ಮುಂದಿನ ತಿಂಗಳು ಎಲ್ಲಿಗೆ ಹೋದರು ಎಂಬುದಕ್ಕೆ ಸಾಕ್ಷಿ ಬೇಕೆಂದು ಯಾವ ತಂಡವೂ ಪಟ್ಟು ಹಿಡಿಯುವುದಿಲ್ಲ.

ಸೇರುವಾಗ ಇನ್ನೊಂದು ಕಾಗದಕ್ಕೆ ಸಹಿ ಬೀಳುತ್ತದೆ. ರ‍್ಯಾಗಿಂಗ್ ಮಾಡುವುದಿಲ್ಲ ಎಂದು ವಿದ್ಯಾರ್ಥಿಯೂ ಪೋಷಕರೂ ಕೊಡಬೇಕಾದ ಮುಚ್ಚಳಿಕೆ. 2009ರಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜಿನಲ್ಲಿ ಹುಡುಗನೊಬ್ಬ ಹಿರಿಯರ ಹೊಡೆತಕ್ಕೆ ಸತ್ತ ಮೇಲೆ ಯುಜಿಸಿ ಬಿಗಿಗೊಳಿಸಿದ ನಿಯಮ. ಅದು ಬೇಕೇ ಬೇಕು. ನನ್ನ ತಕರಾರು ಆ ಕಾಗದದ ಬಗ್ಗೆಯಲ್ಲ, ಅದಕ್ಕೆ ಎದುರು ಕಾಗದ ಇಲ್ಲವಲ್ಲ ಎಂಬುದರ ಬಗ್ಗೆ. ಹೊಲದಿಂದ ನೇರ ಬಂದ ಅಪ್ಪ, ಅಪರಿಚಿತ ಭಾಷೆಯ ಹಾಳೆಯ ಮೇಲೆ ಹೆಬ್ಬೆಟ್ಟೊತ್ತಿ, ನನ್ನ ಮಗಳು ಯಾರಿಗೂ ತೊಂದರೆ ಕೊಡುವುದಿಲ್ಲ ಎಂದು ಸರ್ಕಾರಕ್ಕೆ ವಚನ ಕೊಟ್ಟ. ಸರಿ. ನಿಮ್ಮ ಮಗಳ ಕ್ಲಾಸನ್ನು ಎರಡು ತಿಂಗಳು ಮೇಷ್ಟ್ರಿಲ್ಲದೆ ಬಿಡುವುದಿಲ್ಲ, ನಡುವರ್ಷದಲ್ಲಿ ಸಿಲಬಸ್ ಬದಲಿಸುವುದಿಲ್ಲ, ಪರೀಕ್ಷೆಯ ದಿನಾಂಕವನ್ನು ಹಿಂದಿನ ರಾತ್ರಿ ವಾಟ್ಸ್‌ಆ್ಯಪಿನಲ್ಲಿ ಮುಂದೂಡುವುದಿಲ್ಲ ಎಂದು ಈ ಕಡೆಯಿಂದ ಒಬ್ಬರಾದರೂ ಹೆಬ್ಬೆಟ್ಟು ಒತ್ತಬೇಡವೇ? ಇವರಿಗೆ ಸಹಿ ಮಾಡಲೂ ಬರುತ್ತದೆ.

ಕ್ಲಾಸಿಗೆ ಬರೋಣ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ಹೊತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು. ಕಾಲೇಜು ಶುರುವಾಗುವುದು ಒಂದು ತಾರೀಕು, ಇವರ ನೇಮಕದ ಆದೇಶ ಬರುವುದು ಇನ್ನೊಂದು ತಾರೀಕು. ನಡುವಿನ ವಾರಗಳಲ್ಲಿ ಹೊಸ ಮಕ್ಕಳು ಖಾಲಿ ಕಪ್ಪುಹಲಗೆ ನೋಡುತ್ತಾ ಕೂರುತ್ತಾರೆ. ಮೊದಲ ಸಲ ಕಾಲೇಜು ಕಂಡವರಿಗೆ ಅದೇ ಕಾಲೇಜಿನ ಸ್ವಭಾವ ಎಂದು ಮನಸ್ಸಿಗೆ ಬಂದುಬಿಡುತ್ತದೆ, ಅವರಪ್ಪನಿಗೆ ಬಹಳ ಬೇಗ ಬರುತ್ತದೆ. "ಪಾಠ ಇಲ್ಲ ಅಂದ್ಮೇಲೆ ದಿನಾ ಯಾಕವ್ವಾ ಹೋಗ್ತಿ, ಕಳೆಗೆ ಬಾ." ನೇಮಕವಾದ ಮೇಷ್ಟ್ರಾದರೂ ಎಷ್ಟು ದಿನ? ಶೈಕ್ಷಣಿಕ ವರ್ಷ ಮುಗಿದ ಕೂಡಲೇ ಅವರ ನಂಟೂ ಮುಗಿಯಿತು, ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗು. ಖಾಯಂ ಮಾಡಿ ಎಂದು 2023ರ ನವೆಂಬರಿನಲ್ಲಿ ಅವರು ತರಗತಿ ಬಿಟ್ಟು ಹೊರಗೆ ಕೂತಾಗ ವಾರಗಟ್ಟಲೆ ಪಾಠ ನಿಂತಿತು. ಮೇಷ್ಟ್ರು ಮುಂದಿನ ಜೂನಿಗೆ ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿಲ್ಲದ ಕಡೆ, ಮಕ್ಕಳು ಮಾತ್ರ ಮೂರು ವರ್ಷ ಕದಲದೆ ಕೂರಬೇಕೆಂಬುದು ಇಲಾಖೆಯ ಆಸೆ.

ಇದೇ ಮೇಷ್ಟ್ರಿಗೆ ಮೆಂಟರ್ ಎಂಬ ಪಟ್ಟ ಬೇರೆ. ಎಷ್ಟು ಮಕ್ಕಳಿಗೆ ಒಬ್ಬ ಮೆಂಟರ್ ಎಂದು ನ್ಯಾಕ್ ಕೇಳುತ್ತದೆ, ಹಾಗಾಗಿ ಎಲ್ಲ ಕಾಲೇಜುಗಳಲ್ಲೂ ಮೆಂಟರ್ ಡೈರಿ ಇದೆ. ನ್ಯಾಕ್ ತಂಡ ಬರುವ ಹಿಂದಿನ ದಿನ ಮಕ್ಕಳನ್ನು ಕೂರಿಸಿ, ಬೇರೆ ಬೇರೆ ಬಣ್ಣದ ಪೆನ್ನು ಕೊಟ್ಟು, ವರ್ಷದ ಡೈರಿಯನ್ನು ಒಂದೇ ಮಧ್ಯಾಹ್ನ ಬರೆಸುವ ಕಾಲೇಜುಗಳಿವೆ. ಚರ್ಚಿಸಿದ ವಿಷಯ: ವ್ಯಕ್ತಿತ್ವ ವಿಕಸನ. ವಿದ್ಯಾರ್ಥಿಯ ಸಮಸ್ಯೆ: ಇಲ್ಲ. ಪರಿಹಾರ: ಸೂಚಿಸಲಾಗಿದೆ. ಇಲ್ಲದ ಸಮಸ್ಯೆಗೂ ಪರಿಹಾರ ಸೂಚಿಸುವ ಶಿಕ್ಷಣ ವ್ಯವಸ್ಥೆ ಬೇರೆ ಯಾವ ದೇಶದಲ್ಲಿದೆ?

ಯಾವ ಫೈಲಿಗೂ ಸೇರದೆ ನಿಜವಾಗಿ ಕೆಲಸ ಮಾಡುತ್ತಿದ್ದ ಒಂದು ಏರ್ಪಾಡು ನಮ್ಮಲ್ಲಿತ್ತು. ಸೀನಿಯರ್‌ಗಳ ನೋಟ್ಸ್. ಒಂದೇ ಊರಿನ, ಒಂದೇ ಬಸ್ಸಿನ ಅಕ್ಕ ತನ್ನ ಹಳೆ ಪುಸ್ತಕ, ಝೆರಾಕ್ಸ್ ಕಟ್ಟು, ಐದು ವರ್ಷದ ಪ್ರಶ್ನೆಪತ್ರಿಕೆ ಕೊಟ್ಟು, "ಇದು ಬರೋದೇ ಇಲ್ಲ ಕಣೆ, ಬಿಡು. ಇದು ಗ್ಯಾರಂಟಿ ಬರುತ್ತೆ. ಆ ಸರ್ ಬೈತಾರೆ, ಆದ್ರೆ ಇಂಟರ್ನಲ್ಸ್ ಕೊಡ್ತಾರೆ" ಎನ್ನುತ್ತಿದ್ದಳು. ಐದು ನಿಮಿಷದ ಆ ಮಾತಿಗೆ ಮೂರು ವಾರದ ದೀಕ್ಷಾರಂಭದ ಬಲವಿತ್ತು. ಸರ್ಕಾರದ ಕಣ್ಣಿಗೆ ಇದು ಹೇಗೋ ಬಿತ್ತು. 2021ರಲ್ಲಿ ದೇಶಕ್ಕೆಲ್ಲ ಮೊದಲಿಗರಾಗಿ ರಾಷ್ಟ್ರೀಯ ಶಿಕ್ಷಣ ನೀತಿ ತಂದೆವು. ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲೂಯೆನ್ಸಿ. ಅಕ್ಕನ ಪುಸ್ತಕ ರದ್ದಿಗೆ ಹೋಯಿತು. ಹೊಸ ಅಕ್ಕಂದಿರು ತಯಾರಾಗುವಷ್ಟರಲ್ಲಿ 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ವಾಪಸ್ ಬಂದೆವು, ಮತ್ತೆ ಹೊಸ ಸಿಲಬಸ್. ಇವಳ ಪುಸ್ತಕವೂ ರದ್ದಿಗೆ. ತಂದವರೂ ಮಕ್ಕಳ ಹಿತಕ್ಕೇ ತಂದರು, ತೆಗೆದವರೂ ಮಕ್ಕಳ ಹಿತಕ್ಕೇ ತೆಗೆದರು. ಎರಡು ಹಿತಗಳ ನಡುವೆ ಸಿಕ್ಕಿದ ಮಕ್ಕಳು ಒಂದೇ ಕಾರಿಡಾರಿನಲ್ಲಿ ಬೇರೆ ಬೇರೆ ನೀತಿ ಓದುತ್ತಾ ಓಡಾಡಿದರು.

ಇನ್ನು ಆಫೀಸಿನ ಕೌಂಟರು. ಹಿಂದೆ ಬೆಂಗಳೂರಿನಿಂದ ಹಿಡಿದು ಹಳ್ಳಿಗಳ ತನಕ ಮನೆ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವ ರೂಢಿ ಹಬ್ಬಿತ್ತು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತದೆಂದು ನಂಬಿಕೆ. ಈಗ ಆ ಬರಹ ಮನೆಗಳಿಂದ ಮಾಯವಾಗಿ ಕೌಂಟರಿನ ಹಿಂದೆ ಕೂತವರ ನಾಲಿಗೆಗೆ ಬಂದಿದೆ. ಸ್ಕಾಲರ್‌ಶಿಪ್ ಅರ್ಜಿಗೆ ಕಾಲೇಜಿನ ಇ-ದೃಢೀಕರಣ ಆಗಬೇಕು: ಸರ್ವರ್ ಡೌನ್, ನಾಳೆ ಬಾ. ಜಾತಿ ಪ್ರಮಾಣಪತ್ರದಲ್ಲಿ ಹೆಸರಿನ ಕೊನೆಗೆ 'ಹೆಚ್', ಆಧಾರ್‌ನಲ್ಲಿ ಅದಿಲ್ಲ: ತಿದ್ದಿಸಿಕೊಂಡು ನಾಳೆ ಬಾ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ: ಬ್ಯಾಂಕಿಗೆ ಹೋಗು. ಬ್ಯಾಂಕಿನಲ್ಲಿ: ನಾಳೆ ಬಾ. ದೆವ್ವಕ್ಕೂ ಹುಡುಗಿಗೂ ಇರುವ ವ್ಯತ್ಯಾಸ ಒಂದೇ. ದೆವ್ವಕ್ಕೆ ಬಸ್ಸು ಹಿಡಿಯುವ ಗೋಜಿಲ್ಲ, ದಿನವೂ ಬರುತ್ತಿತ್ತು. ಹುಡುಗಿ ನಾಲ್ಕನೆಯ ದಿನಕ್ಕೆ ನಿಲ್ಲುತ್ತಾಳೆ.

ಬಸ್ಸು ಎಂದೆನಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳ ಟಿಕೆಟ್ಟಿನ ಚಿಂತೆ ಹೋಯಿತು. ಅದು ಸಣ್ಣ ಮಾತಲ್ಲ, ಎಷ್ಟೋ ಮನೆಗಳಲ್ಲಿ ಆ ದುಡ್ಡಿಗಾಗಿಯೇ ಓದು ನಿಲ್ಲುತ್ತಿತ್ತು. ಈಗ ಉಳಿದಿರುವುದು ಒಳಗೆ ಕಾಲಿಡುವ ಚಿಂತೆ. ಕೊನೆಯ ಹಳ್ಳಿಗೆ ಬೆಳಿಗ್ಗೆ ಇರುವುದು ಒಂದು ಬಸ್ಸು, ಅದು ಬರುವಾಗಲೇ ತುಂಬಿ ಬರುತ್ತದೆ, ತುಂಬಿದ್ದರಿಂದ ನಿಲ್ಲುವುದಿಲ್ಲ, ನಿಲ್ಲದಿದ್ದರಿಂದ ಮೊದಲ ಪೀರಿಯಡ್ಡು ತಪ್ಪುತ್ತದೆ, ತಪ್ಪಿದ್ದರಿಂದ ಹಾಜರಾತಿ ಶೇ 75 ಮುಟ್ಟುವುದಿಲ್ಲ, ಮುಟ್ಟದ್ದರಿಂದ ಪೋಷಕರನ್ನು ಕರೆದುಕೊಂಡು ಬಾ. ಪೋಷಕರು ಅದೇ ಬಸ್ಸಿಗೆ ಕಾಯುತ್ತಾರೆ.

ಹಾಸ್ಟೆಲ್ ಸಿಕ್ಕರೆ ಇದೆಲ್ಲ ತಪ್ಪುತ್ತಿತ್ತು. ಆಯ್ಕೆ ಪಟ್ಟಿ ಎಷ್ಟೋ ಸಲ ಮೊದಲ ಸೆಮಿಸ್ಟರ್ ಅರ್ಧ ದಾಟಿದ ಮೇಲೆ ಬರುತ್ತದೆ, ಅಷ್ಟರಲ್ಲಿ ಬಿಡಬೇಕಾದವರು ಬಿಟ್ಟಿರುತ್ತಾರೆ. ಹೀಗೆ ಸೀಟಿನ ಕೊರತೆ ತಾನಾಗಿ ನೀಗುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳ ಊಟ-ವಸತಿಗೆಂದು 2013ರಲ್ಲಿ ಶುರುವಾದ ವಿದ್ಯಾಸಿರಿ, ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ ಹತ್ತು ತಿಂಗಳು ಎಂದು ಲೆಕ್ಕ ಹಾಕಿತು. 2024ರಲ್ಲಿ ಹಣ ಕೊಡಲು ಶುರುವಾದ ಯುವನಿಧಿ, ಪದವಿ ಮುಗಿಸಿ ಕೆಲಸ ಸಿಗದವರಿಗೆ ತಿಂಗಳಿಗೆ 3,000 ಎಂದಿತು. ಓದುವಾಗ ಹಸಿದವಳಿಗಿಂತ ಓದಿ ಮುಗಿಸಿ ಹಸಿದವಳ ಹಸಿವು ಎರಡರಷ್ಟು ಎಂದು ಅರ್ಥಶಾಸ್ತ್ರಜ್ಞರು ಎಲ್ಲೋ ಕಂಡುಕೊಂಡಿರಬೇಕು.

ಹಿಂದಿನವರು ಹೇಗೆ ಓದಿದರು ಎಂದು ಹಿರಿಯರನ್ನು ಕೇಳಿದರೆ ವಾರಾನ್ನದ ಕತೆ ಹೇಳುತ್ತಾರೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಏಳು ಮನೆಯ ಊಟದಲ್ಲಿ ಬಿ.ಎ. ಮುಗಿಯುತ್ತಿತ್ತು. ಹುಡುಗ ಒಂದು ದಿನ ಊಟಕ್ಕೆ ಬಾರದಿದ್ದರೆ ಆ ಮನೆಯಾಕೆ ಯಾರನ್ನೋ ಕಳಿಸಿ ವಿಚಾರಿಸುತ್ತಿದ್ದಳು. ಯಾವ ಡೈರಿಯೂ ಇಲ್ಲದ ಮೆಂಟರು. ಆದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಮೊದಲು ಆ ಬಾಗಿಲು ಯಾವ ಜಾತಿಯ ಹುಡುಗನಿಗೆ ತೆರೆಯುತ್ತಿತ್ತು ಎಂಬುದನ್ನೂ ಅದೇ ಹಿರಿಯರನ್ನು ಕೇಳಬೇಕು. ಆ ಬಾಗಿಲು ತೆರೆಯದವರಿಗಾಗಿಯೇ ಜಾತಿ ಸಂಘಗಳ ಹಾಸ್ಟೆಲ್‌ಗಳು ಹುಟ್ಟಿದವು, ಧಾರವಾಡದ ಮುರುಘಾಮಠದಲ್ಲಿ, ತುಮಕೂರಿನ ಸಿದ್ಧಗಂಗೆಯಲ್ಲಿ ಉಚಿತ ಊಟ-ವಸತಿ ನಡೆಯಿತು. ಇಲಾಖೆಗಳು ಆ ಕೆಲಸವನ್ನು ಕೈಗೆತ್ತಿಕೊಂಡದ್ದು ಒಳ್ಳೆಯದೇ ಆಯಿತು. ಊಟಕ್ಕೆ ಬಾರದವನನ್ನು ವಿಚಾರಿಸುವ ಭಾಗವನ್ನು ಮಾತ್ರ ಹಸ್ತಾಂತರದ ವೇಳೆ ಎಲ್ಲೋ ಬಿಟ್ಟು ಬಂದರು. ಈಗ ಬಯೊಮೆಟ್ರಿಕ್ ಯಂತ್ರ ವಿಚಾರಿಸುತ್ತದೆ, ಅದಕ್ಕೆ ಬೆರಳು ಮಾತ್ರ ಬೇಕು.

ಇಷ್ಟಾದ ಮೇಲೂ ಓದು ಬಿಟ್ಟವರ ಬಗ್ಗೆ ಸರ್ಕಾರ ಚಿಂತಿಸಿಲ್ಲ ಎನ್ನಲಾಗದು. ಚಿಂತಿಸಿ, ಬಿಡುವುದಕ್ಕೇ ಸರ್ಟಿಫಿಕೇಟ್ ಕೊಟ್ಟಿತು. 2021ರಲ್ಲಿ ತಂದ ಆ ರಾಷ್ಟ್ರೀಯ ನೀತಿಯಲ್ಲಿ ಒಂದು ವರ್ಷಕ್ಕೆ ಹೋದರೆ ಸರ್ಟಿಫಿಕೇಟ್, ಎರಡಕ್ಕೆ ಹೋದರೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದಿತ್ತು. ಬೇಕಾದಾಗ ಹೊರಡಿ, ಬೇಕಾದಾಗ ಬನ್ನಿ. ಅಪ್ಪನ ಸಾಲಕ್ಕೆ ಗಾರ್ಮೆಂಟ್ಸ್ ಸೇರಿದವಳು, ಎರಡನೇ ವರ್ಷ ಮದುವೆಯಾಗಿ ಹೋದವಳು, ಬೆಂಗಳೂರಿನಲ್ಲಿ ಡೆಲಿವರಿ ಬೈಕು ಹತ್ತಿದವನು, ಎಲ್ಲರೂ ಸ್ವಇಚ್ಛೆಯಿಂದ ನಿರ್ಗಮಿಸಿದವರು. ದೊಡ್ಡ ಸಂಸ್ಥೆಗಳಲ್ಲೂ ಇದೇ ಸೌಜನ್ಯ ಇದೆ. ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳಿಂದ ಐದು ವರ್ಷಗಳಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳ 13,600ಕ್ಕೂ ಹೆಚ್ಚು ವಿದ್ಯಾರ್ಥಿಗಳು ಹೊರಬಿದ್ದಿದ್ದಾರೆ ಎಂದು 2023ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಲೋಕಸಭೆಗೆ ತಿಳಿಸಿತು. ಉನ್ನತ ಶಿಕ್ಷಣದಲ್ಲಿ ಮಕ್ಕಳಿಗೆ ಅನೇಕ ಆಯ್ಕೆಗಳಿರುತ್ತವೆ, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ, ಒಂದು ಕೋರ್ಸಿನಿಂದ ಇನ್ನೊಂದಕ್ಕೆ ಹೋಗುತ್ತಿರುತ್ತಾರೆ ಎಂಬ ಧಾಟಿಯ ವಿವರಣೆಯೂ ಜತೆಗಿತ್ತು. ಐಐಟಿಯ ಸೀಟಿಗಾಗಿ ಹೊಲ ಮಾರಿದ ಅಪ್ಪನಿಗೆ ಮಗನ ಮುಂದೆ ಅಷ್ಟೊಂದು ಆಯ್ಕೆಗಳಿದ್ದವು ಎಂದು ಲೋಕಸಭೆಯಿಂದಲೇ ಗೊತ್ತಾಗಬೇಕಾಯಿತು.

ಲೆಕ್ಕವೂ ನಮಗೆ ಅನುಕೂಲವಾಗಿಯೇ ಇದೆ. ರಾಷ್ಟ್ರೀಯ ನೀತಿಯ ಗುರಿ 2035ರೊಳಗೆ ಒಟ್ಟು ದಾಖಲಾತಿ ಪ್ರಮಾಣ ಶೇ 50. 2021-22ರ ಸಮೀಕ್ಷೆಯಲ್ಲಿ ದೇಶದ್ದು ಶೇ 28.4 ಇದ್ದಾಗ ಕರ್ನಾಟಕದ್ದು ಶೇ 36.2. ಎದೆ ಉಬ್ಬಿಸಬಹುದಾದ ಸಂಖ್ಯೆ. ಅದು ಒಳಗೆ ಬಂದವರ ಸಂಖ್ಯೆ. ಯಾರು ಎಷ್ಟು ಜನರನ್ನು ಒಳಗೆ ಕರೆದರು ಎಂದು ಕೇಳುವ ಪರಿಶೀಲನಾ ಸಭೆಗಳಲ್ಲಿ ಪ್ರಾಂಶುಪಾಲರು ಬೆವರುತ್ತಾರೆ. ಎಷ್ಟು ಜನ ಉಳಿದರು ಎಂದು ಕೇಳಿ ಬೆವರಿಳಿಸುವವರಿಲ್ಲ.

ಖಾಸಗಿಯವರು ಈ ವಿಷಯದಲ್ಲಿ ಮುಂದಿದ್ದಾರೆ ಎಂದು ಒಪ್ಪಲೇಬೇಕು. ಅವರಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವ ಪಕ್ಕಾ ವಿಧಾನವಿದೆ: ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದು. ಬಿಟ್ಟು ಹೋಗುವುದಾದರೆ ಉಳಿದ ವರ್ಷಗಳ ಫೀಸು ಕಟ್ಟಿ ಹೋಗಿ ಎನ್ನುವುದು. ಮೂಲ ದಾಖಲೆ ಇಟ್ಟುಕೊಳ್ಳುವಂತಿಲ್ಲ, ಫೀಸು ಹಿಂದಿರುಗಿಸಬೇಕು ಎಂದು ಯುಜಿಸಿ 2018ರಲ್ಲಿ ಅಧಿಸೂಚನೆಯನ್ನೇ ಹೊರಡಿಸಿತು. ಅದನ್ನು ಬಹುಶಃ ಅದೇ ಬೀರುವಿನಲ್ಲಿ ಇಟ್ಟಿದ್ದಾರೆ.

ಸರ್ಕಾರಿ ಕಾಲೇಜಿನಲ್ಲಿ ಬಿಟ್ಟು ಹೋಗುವುದು ಸುಲಭ ಎಂದುಕೊಳ್ಳಬೇಡಿ. ಟಿ.ಸಿ. ಬೇಕಾದರೆ ನೋ ಡ್ಯೂ ಫಾರಂ ತುಂಬಬೇಕು. ಗ್ರಂಥಪಾಲಕರು, ಲ್ಯಾಬಿನವರು, ಎನ್‌ಎಸ್‌ಎಸ್‌ನವರು, ದೈಹಿಕ ಶಿಕ್ಷಣದವರು, ವಿಭಾಗದ ಮುಖ್ಯಸ್ಥರು, ಲೆಕ್ಕಪತ್ರದವರು, ಕೊನೆಗೆ ಪ್ರಾಂಶುಪಾಲರು. ಸೇರಿದ ಮೇಲೆ ಮೊಟ್ಟಮೊದಲ ಬಾರಿಗೆ ಕಾಲೇಜಿನ ಎಲ್ಲರೂ ಅವಳ ಮುಖ ನೋಡಿ, ಹೆಸರು ಕೇಳಿ, ಪ್ರಶ್ನೆ ಹಾಕುವುದು ಅವತ್ತೇ. "ಪುಸ್ತಕ ವಾಪಸ್ ಕೊಟ್ಟಿದ್ದೀಯೇನಮ್ಮ?" "ಐಡಿ ಕಾರ್ಡು ಎಲ್ಲಿ?" "ಫೀಸು ಬಾಕಿ ಇದೆಯಾ?" ಅವಳು ಎಲ್ಲ ಟೇಬಲ್ಲುಗಳಲ್ಲೂ ಸರಿಯಾದ ಉತ್ತರ ಕೊಡುತ್ತಾಳೆ. ಬಾಕಿ ಏನೂ ಇಲ್ಲ ಎಂದು ಎಲ್ಲರೂ ಸಹಿ ಹಾಕುತ್ತಾರೆ.

ಪ್ರಾಂಶುಪಾಲರಲ್ಲಿ ಒಂದು ಅರಿಕೆ. ಆ ಫಾರಂನಲ್ಲಿ ಇನ್ನೊಂದು ಕಾಲಂ ಸೇರಿಸಿ: 'ಯಾಕೆ ಬಿಡುತ್ತಿದ್ದೀಯ?' ಅದನ್ನು ನೀವೇ ಕೇಳಿ, ಎದುರಿಗೆ ಕೂರಿಸಿಕೊಂಡು ಕೇಳಿ, ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆದು ಆಮೇಲೆ ಸಹಿ ಹಾಕಿ. ಹಾಳೆಯಲ್ಲಿ ಜಾಗ ಸಾಲದಿದ್ದರೆ ಕ್ರೀಡಾ ವಿಭಾಗದ ಕಾಲಂ ತೆಗೆದುಬಿಡಿ. ಮೈದಾನವೇ ಇಲ್ಲದ ಕಾಲೇಜಿನಿಂದ ಯಾರೂ ಚೆಂಡು ಹೊತ್ತುಕೊಂಡು ಹೋಗುವುದಿಲ್ಲ.